ಥೆಯೊಫಿಲನ ಕೈಪಿಡಿ: ಬರಹದ ಸಾಕ್ಷ್ಯ, ಬಣ್ಣದ ಸಾಕ್ಷ್ಯ

ಪುರಾತನ ದೇವಾಲಯಗಳ ಚಿತ್ರಗಳನ್ನೂ ಬಣ್ಣದ ಗಾಜುಗಳನ್ನೂ ಪಾನಪಾತ್ರೆಗಳನ್ನೂ ನಾವು ಸಾಮಾನ್ಯವಾಗಿ ಅವು ಸಾರುವ ಅರ್ಥಕ್ಕಾಗಿ ನೋಡುತ್ತೇವೆ. ಅವನ್ನು ಯಾವ ವಸ್ತುಗಳಿಂದ, ಯಾವ ಕ್ರಮದಲ್ಲಿ ಮಾಡಿದರೆಂಬ ಪ್ರಶ್ನೆಯನ್ನು ಕುಶಲಕರ್ಮಿಗಳಿಗೆ ಬಿಟ್ಟುಬಿಡುತ್ತೇವೆ. ಆದರೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಇತಿಹಾಸಕಾರರು ಎದುರಿಸಿದ ಸಮಸ್ಯೆ ನಮ್ಮದೂ ಹೌದು: ಹಳೆಯ ಬರಹವೊಂದನ್ನು ಯಾವುದಕ್ಕೆ, ಎಷ್ಟರಮಟ್ಟಿಗೆ ಸಾಕ್ಷಿಯೆಂದು ಅಂಗೀಕರಿಸಬೇಕು? 12ನೆಯ ಶತಮಾನದ ಆರಂಭಕಾಲದ ಒಂದು ಲ್ಯಾಟಿನ್ ಕೃತಿಯ ಮೂಲಕ ಇದನ್ನು ಪರಿಶೀಲಿಸೋಣ.

ಕೃತಿಯ ಹೆಸರು ‘ದೆ ದಿವೆರ್ಸಿಸ್ ಆರ್ತಿಬುಸ್’, ಅಂದರೆ ‘ವಿವಿಧ ಕಲೆಗಳನ್ನು ಕುರಿತು’. ಕರ್ತೃವು ತಾನು ದೀನನಾದ ಯಾಜಕ, ಸನ್ಯಾಸಿಯೆಂಬ ಹೆಸರಿಗೆ ಅಯೋಗ್ಯ ಎಂದು ಹೇಳಿಕೊಂಡು, ಥೆಯೊಫಿಲನೆಂಬ ಹೆಸರನ್ನು ಧರಿಸುತ್ತಾನೆ. ಲೂಕನ ಸುವಾರ್ತೆಯನ್ನು ಓದಿದವರಿಗೆ ಈ ಹೆಸರು ಪರಿಚಿತ. ವಿಯೆನ್ನಾದ ಹಸ್ತಪ್ರತಿಯೊಂದು ಇವನನ್ನು ರೋಜರನೆಂದೂ ಕರೆಯುವುದರಿಂದ, ಇವನೇ ಜರ್ಮನಿಯ ಹೆಲ್ಮಾರ್ಸ್‌ಹೌಸೆನ್ ಮಠದ ಅಕ್ಕಸಾಲಿಗ ರೋಜರನೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಕೃತಿಯಲ್ಲಿ 3 ಭಾಗಗಳಿವೆ. ಮೊದಲನೆಯದು ಬಣ್ಣಗಳನ್ನೂ ಚಿತ್ರಕಲೆಯನ್ನೂ, ಎರಡನೆಯದು ಗಾಜನ್ನೂ ಕುರಿತದ್ದು. ಮೂರನೆಯದು ಲೋಹದ ಕೆಲಸವನ್ನು ಕುರಿತದ್ದು. ಪಾನಪಾತ್ರೆ, ಧೂಪದ ಪಾತ್ರೆ, ಆರ್ಗನ್ ವಾದ್ಯ ಮತ್ತು ಗಂಟೆಗಳ ತಯಾರಿಕೆಯೂ ಇದರಲ್ಲಿ ಸೇರಿದೆ.

ಈ ಕೃತಿಯನ್ನು ಐತಿಹಾಸಿಕ ಆಧಾರವಾಗಿ ಬಳಸಿ ಪ್ರಸಿದ್ಧಿಗೆ ತಂದವನು ಗೋಟ್‌ಹೋಲ್ಡ್ ಎಫ್ರೈಮ್ ಲೆಸ್ಸಿಂಗ್. ತೈಲವರ್ಣವನ್ನು ಕಂಡುಹಿಡಿದವನು 15ನೆಯ ಶತಮಾನದ ಯಾನ್ ವಾನ್ ಐಕ್ ಎಂಬುದು ಅಂದಿನ ರೂಢಿಯ ನಂಬಿಕೆಯಾಗಿತ್ತು. ಬಿಸಿಲಿಗಿಟ್ಟ ಚಿತ್ರಫಲಕ ಬಿರುಕುಬಿಟ್ಟಾಗ, ನೆರಳಿನಲ್ಲಿಯೇ ಒಣಗುವ ಲೇಪನವನ್ನು ಅವನು ಹುಡುಕತೊಡಗಿದನೆಂದು 1550ರಲ್ಲಿ ಜಾರ್ಜೋ ವಸಾರಿ ಬರೆದಿದ್ದನು. ವೋಲ್ಫೆನ್‌ಬ್ಯೂಟೆಲ್ ಗ್ರಂಥಾಲಯದ ಅಧಿಕಾರಿಯಾಗಿದ್ದ ಲೆಸ್ಸಿಂಗನು ಅಲ್ಲಿಯೇ ಇದ್ದ ಥೆಯೊಫಿಲನ ಹಸ್ತಪ್ರತಿಯನ್ನು ಆಧರಿಸಿ, 1774ರಲ್ಲಿ ಈ ನಂಬಿಕೆಯನ್ನು ಖಂಡಿಸಿದನು. ವಾನ್ ಐಕ್‌ನಿಗಿಂತ ಸುಮಾರು 300 ವರ್ಷಗಳ ಹಿಂದೆಯೇ ಥೆಯೊಫಿಲನು ಬಣ್ಣಗಳನ್ನು ಅಗಸೆ ಎಣ್ಣೆಯಲ್ಲಿ ಅರೆಯುವ ವಿಧಾನವನ್ನು ವಿವರಿಸಿದ್ದನಲ್ಲವೇ? ರೈಮಾರುಸನ ಬರಹಗಳ ಮೊದಲ ತುಣುಕನ್ನು ಪ್ರಕಟಿಸಿ ಸುವಾರ್ತೆಗಳ ಚಾರಿತ್ರಿಕತೆಯನ್ನು ಕುರಿತ ಮಹಾವಿವಾದಕ್ಕೆ ಲೆಸ್ಸಿಂಗನು ನಾಂದಿ ಹಾಡಿದ್ದೂ ಅದೇ ವರ್ಷದಲ್ಲಿ ಎಂಬುದನ್ನು ನಾವು ಮರೆಯಬಾರದು.

ಆದರೆ ಲೆಸ್ಸಿಂಗನ ವಾದ ಸಾಧಿಸಿದ್ದೆಷ್ಟು? ತೈಲವರ್ಣದ ತಿಳುವಳಿಕೆ 12ನೆಯ ಶತಮಾನದಲ್ಲಿ ಇತ್ತೆಂಬುದನ್ನು ಅದು ಸಾಧಿಸಿತು. ಅದು ಚಿತ್ರಕಾರರ ಬಳಕೆಯಲ್ಲಿತ್ತೇ ಎಂಬುದನ್ನು ಸಾಧಿಸಲಿಲ್ಲ. ಥೆಯೊಫಿಲನೇ ಒಂದು ಎಚ್ಚರಿಕೆ ಕೊಡುತ್ತಾನೆ. ಬಿಸಿಲಿನಲ್ಲಿ ಒಣಗಿಸಬಹುದಾದ ವಸ್ತುಗಳಿಗೆ ಮಾತ್ರ ಈ ವಿಧಾನ ತಕ್ಕುದು. ಒಂದು ಲೇಪ ಒಣಗುವವರೆಗೆ ಮತ್ತೊಂದನ್ನು ಹಚ್ಚಲಾಗದು. ಆದಕಾರಣ ಮನುಷ್ಯಾಕೃತಿಗಳನ್ನು ಬಿಡಿಸಲು ಇದು ತೀರ ಬೇಸರದ ಕೆಲಸ. ಬರಹವು ನಿಲ್ಲಿಸಿದ ಈ ಪ್ರಶ್ನೆಗೆ ವಸ್ತುಗಳೇ ಉತ್ತರ ಕೊಡಬೇಕಾಯಿತು. 13ನೆಯ ಶತಮಾನದ ವೆಸ್ಟ್‌ಮಿನ್‌ಸ್ಟರಿನ ಬಲಿಪೀಠ ಫಲಕದಿಂದಲೂ ನಾರ್ವೆ ದೇಶದ ಬಲಿಪೀಠಗಳ ಮುಂಭಾಗದ ಫಲಕಗಳಿಂದಲೂ ಬಣ್ಣದ ಸೂಕ್ಷ್ಮ ಕಣಗಳನ್ನು ತೆಗೆದು ಪರೀಕ್ಷಿಸಿದಾಗ, ಅವುಗಳಲ್ಲಿ ಎಣ್ಣೆಯ ಮಾಧ್ಯಮ ಕಂಡುಬಂತು. ವಾನ್ ಐಕ್‌ನ ಹಿರಿಮೆ ಆವಿಷ್ಕಾರದಲ್ಲಲ್ಲ, ಪರಂಪರೆಯಿಂದ ಬಂದ ವಿದ್ಯೆಯನ್ನು ಪರಿಪೂರ್ಣತೆಗೆ ಒಯ್ದುದರಲ್ಲಿದೆ.

ಗಾಜಿನ ವಿಷಯದಲ್ಲಿ ಬರಹವೂ ವಸ್ತುವೂ ಇನ್ನಷ್ಟು ನೇರವಾಗಿ ಹೊಂದುತ್ತವೆ. ಬೀಚ್ ಮರದ ಬೂದಿ 2 ಪಾಲು, ಶುದ್ಧ ಮರಳು 1 ಪಾಲು ಎಂದು ಥೆಯೊಫಿಲನು ವಿಧಿಸುತ್ತಾನೆ. ಆಲ್ಪ್ಸ್ ಪರ್ವತದ ಉತ್ತರದ ಮಧ್ಯಯುಗದ ಕಿಟಕಿಗಾಜುಗಳಲ್ಲಿ ಮರದ ಬೂದಿಯಿಂದ ಬರುವ ಪೊಟ್ಯಾಸಿಯಂ ಹೇರಳವಾಗಿದೆ. ಇಲ್ಲಿ ಮಾತನಾಡುತ್ತಿರುವವನು ಕುಲುಮೆಯ ಬಳಿ ನಿಂತು ಬಲ್ಲವನು.

ಅದೇ ಲೇಖನಿ ‘ಸ್ಪೇನಿನ ಚಿನ್ನ’ದ ವಿಧಿಯನ್ನೂ ಬರೆದಿದೆ: ಕೆಂಪು ತಾಮ್ರ, ಬೆಸಿಲಿಸ್ಕ್ ಎಂಬ ಸರ್ಪಜಂತುವಿನ ಬೂದಿ, ಕೆಂಗೂದಲಿನ ಮನುಷ್ಯನ ರಕ್ತ, ವಿನೆಗರ್. ಹುಂಜಗಳು ಇಟ್ಟ ಮೊಟ್ಟೆಗೆ ಕಪ್ಪೆಗಳು ಕಾವು ಕೊಟ್ಟರೆ ಆ ಜಂತು ಹುಟ್ಟುವುದಂತೆ! ಇದನ್ನು ಕಂಡು ಇಡೀ ಕೃತಿಯನ್ನು ಮೂಢಕಥೆಯೆಂದು ತಳ್ಳಿಹಾಕುವುದು ಅವಸರ. ಗಾಜಿನ ವಿಧಿ ನಿಜವಾದುದರಿಂದ ಇದೂ ನಿಜವೆನ್ನುವುದು ಅವಿವೇಕ. ಇಲ್ಲಿರುವುದು ರಸವಾದಿಗಳ ಗೂಢಭಾಷೆಯೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದಲ್ಲಿ ಥೆಯೊಫಿಲನು ಇದನ್ನು ತಾನು ಮಾಡಿ ನೋಡಿ ಬರೆದುದಲ್ಲ, ಬೇರೆ ಬರಹದಿಂದ ಪಡೆದುದು. ಒಂದೇ ಗ್ರಂಥದೊಳಗೆ ಅನುಭವವೂ ನಕಲೂ ಅಕ್ಕಪಕ್ಕದಲ್ಲಿವೆ. ಪ್ರತಿಯೊಂದು ಭಾಗದ ಪ್ರಕಾರ, ಮೂಲ, ಉದ್ದೇಶಗಳನ್ನು ಬೇರೆಬೇರೆಯಾಗಿ ವಿಚಾರಿಸಬೇಕು. ಸತ್ಯವೇದದ ವ್ಯಾಖ್ಯಾನದಲ್ಲಿ ನಾವು ಕಲಿತ ಶಿಸ್ತು ಇದೇ ಅಲ್ಲವೇ?

ವಿಧಿಗಳನ್ನು ಮಾತ್ರ ಆರಿಸಿಕೊಂಡು ಮುನ್ನುಡಿಗಳನ್ನು ಬದಿಗಿಡುವ ಓದಿನಲ್ಲಿಯೂ ಒಂದು ನಷ್ಟವಿದೆ. ಮೂರನೆಯ ಭಾಗದ ಮುನ್ನುಡಿಯಲ್ಲಿ ಥೆಯೊಫಿಲನು ವಿಮೋಚನಕಾಂಡವನ್ನು ನೆನೆಯುತ್ತಾನೆ: ಗುಡಾರದ ಕೆಲಸಕ್ಕೆ ದೇವರು ಶಿಲ್ಪಿಗಳನ್ನು ಹೆಸರುಹಿಡಿದು ಕರೆದು ಆತ್ಮದಿಂದ ತುಂಬಿಸಿದನು. ಬಳಿಕ ಪವಿತ್ರಾತ್ಮನ 7 ವರಗಳು ಕೈಕೆಲಸದಲ್ಲಿ ಹೇಗೆ ಫಲಿಸುವವೆಂದು ಒಂದೊಂದಾಗಿ ವಿವರಿಸುತ್ತಾನೆ. ಬೂದಿ ಮರಳುಗಳ ಅಳತೆಯೂ ಆತ್ಮನ ವರವೂ ಅವನಿಗೆ ಎರಡು ಲೋಕಗಳಲ್ಲ. ಚರಿತ್ರೆಯ ಸತ್ಯಕ್ಕೂ ನಂಬಿಕೆಯ ಸತ್ಯಕ್ಕೂ ನಡುವೆ ದಾಟಲಾಗದ ಕಂದಕವಿದೆಯೆಂದು 1777ರಲ್ಲಿ ಲೆಸ್ಸಿಂಗನು ಬರೆದನು. ಅದಕ್ಕೆ ಥೆಯೊಫಿಲನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ವಸ್ತುವನ್ನು ಯಥಾವತ್ತಾಗಿ ಅರಿಯುವ ಶ್ರಮವೂ ಭಕ್ತಿಯ ಒಂದು ರೂಪವೆಂದು ಅವನು ನಮಗೆ ತೋರಿಸುತ್ತಾನೆ.

ಈ ಮಾತು ಸಭಾಪಾಲಕರಾದ ನಮ್ಮ ಹೊಣೆಯನ್ನು ನೇರವಾಗಿ ಮುಟ್ಟುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಇಟಲಿಯ ಜೆಸುಯಿತ ಸಹೋದರ ಅಂತೋನಿಯೊ ಮೊಸ್ಕೇನಿ ರಚಿಸಿದ ಹಸಿಗಾರೆಯ ಭಿತ್ತಿಚಿತ್ರಗಳೂ ಕ್ಯಾನ್‌ವಾಸಿನ ಮೇಲಣ ತೈಲಚಿತ್ರಗಳೂ ಇವೆ. ಇವೆರಡರ ಸವೆತವೂ ಆರೈಕೆಯೂ ಬೇರೆಬೇರೆ. ಅಷ್ಟು ಹೆಸರಾಗದ ನಮ್ಮ ಸಭೆಗಳಲ್ಲಿಯೂ ಹಳೆಯ ಬಲಿಪೀಠ, ಪ್ರಸಂಗಪೀಠ, ಗಂಟೆಗಳಿರುತ್ತವೆ. ಅವುಗಳ ಕಥೆ ಲೆಕ್ಕದ ಪುಸ್ತಕದಲ್ಲಿ, ಸಭೆಯ ನಡಾವಳಿಯಲ್ಲಿ, ಮರದ ವ್ಯಾಪಾರಿಯ ರಸೀದಿಯಲ್ಲಿ ಉಳಿದಿರಬಹುದು. ಹಬ್ಬಕ್ಕೆಂದು ಹೊಸ ಬಣ್ಣ ಬಳಿಯುವ ಮೊದಲು ಆ ಕಡತಗಳನ್ನು ತೆರೆದು ಓದೋಣ. ಓದಿದ್ದನ್ನು ವಸ್ತುವಿನ ಮುಂದೆ ನಿಂತು ಪರೀಕ್ಷಿಸೋಣ. ಕಾಗದವನ್ನು ಸುಟ್ಟರೂ ಬಣ್ಣವನ್ನು ಕೆರೆದರೂ ಒಬ್ಬ ಸಾಕ್ಷಿಯ ಬಾಯಿ ಮುಚ್ಚಿದಂತೆ. ಇಬ್ಬರು ಸಾಕ್ಷಿಗಳ ಮಾತಿನಿಂದ ಸಂಗತಿ ಸ್ಥಿರವಾಗಬೇಕೆಂಬ ನಿಯಮವನ್ನು ನಾವು ಧರ್ಮಶಾಸ್ತ್ರದಿಂದಲೇ ಕಲಿತಿದ್ದೇವೆ.