ಬೆಂಗಳೂರಿನ ಬೀದಿಮರಗಳು

ಬೆಂಗಳೂರಿನ ಬೀದಿಮರಗಳು ನಗರದ ರಸ್ತೆಗಳ ಅಂಚಿನಲ್ಲಿ ನೆರಳು ಹಾಗೂ ಸೌಂದರ್ಯಕ್ಕಾಗಿ ನೆಟ್ಟು ಬೆಳೆಸಿದ ಮರಗಳು. ಉದ್ಯಾನದ ಮರಗಳಂತಲ್ಲದೆ ಇವು ಪಾದಚಾರಿ ಮಾರ್ಗ, ಚರಂಡಿ, ವಿದ್ಯುತ್ ತಂತಿ ಮತ್ತು ಕಟ್ಟಡಗಳ ನಡುವಿನ ಇಕ್ಕಟ್ಟಿನಲ್ಲಿ ಬೆಳೆಯುತ್ತವೆ. ಆದ್ದರಿಂದ ಇವುಗಳ ಲಾಭ-ನಷ್ಟಗಳನ್ನು ತೂಗಿ ನೋಡುವುದು ನಗರ ಯೋಜನೆಯ ಮುಖ್ಯ ವಿಷಯಗಳಲ್ಲೊಂದಾಗಿದೆ.

ಇತಿಹಾಸ

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನ್ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್ ಅವರು, ವರ್ಷದುದ್ದಕ್ಕೂ ಒಂದರ ನಂತರ ಒಂದು ಹೂಬಿಡುವಂತೆ ಮರಗಳನ್ನು ಆರಿಸಿ ನೆಡುವ ಪದ್ಧತಿಯನ್ನು ರೂಢಿಗೆ ತಂದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು.

ಪ್ರಯೋಜನಗಳು

ಮರಗಳು ಬಿಸಿಲನ್ನು ತಡೆಯುವುದಲ್ಲದೆ ಎಲೆಗಳ ಮೂಲಕ ನೀರಾವಿಯನ್ನು ಹೊರಬಿಟ್ಟು ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ಹರಿಣಿ ನಾಗೇಂದ್ರ ಮತ್ತು ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗರದ ಮರಗಳಿರುವ ರಸ್ತೆಗಳಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶವು ಮರಗಳಿಲ್ಲದ ರಸ್ತೆಗಳಿಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ರಸ್ತೆಯ ಮೇಲ್ಮೈ ಉಷ್ಣಾಂಶವು 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ತಳ್ಳುಗಾಡಿ ವ್ಯಾಪಾರಿಗಳು, ಚಮ್ಮಾರರು, ಆಟೋ ಚಾಲಕರು ಮುಂತಾಗಿ ಬೀದಿಯಲ್ಲೇ ದುಡಿಯುವವರಿಗೆ ಈ ನೆರಳು ಅತ್ಯಗತ್ಯ.

ವೆಚ್ಚ ಮತ್ತು ತೊಂದರೆಗಳು

ಮುಂಗಾರುಪೂರ್ವ ಮಳೆ-ಗಾಳಿಗೆ ಕೊಂಬೆ ಮುರಿದು, ಮರ ಬುಡಮೇಲಾಗಿ ಪ್ರಾಣಹಾನಿ, ವಾಹನಹಾನಿ ಸಂಭವಿಸುವುದುಂಟು. ಗುಲ್‌ಮೊಹರ್‌ನಂತಹ ಮೃದುವಾದ ಮರಗಳಲ್ಲಿ ಈ ಅಪಾಯ ಹೆಚ್ಚು. ಬೇರುಗಳು ಪಾದಚಾರಿ ಮಾರ್ಗದ ಕಲ್ಲುಗಳನ್ನು ಎಬ್ಬಿಸುತ್ತವೆ. ಉದುರಿದ ಎಲೆಗಳು ಚರಂಡಿಗಳನ್ನು ಕಟ್ಟುತ್ತವೆ. ಕೊಂಬೆ ಸವರುವುದು, ಕಸ ಸಾಗಿಸುವುದು ಪಾಲಿಕೆಗೆ ಪ್ರತಿವರ್ಷದ ಖರ್ಚು.

ತುಲನೆ

ನಷ್ಟವು ಒಂದೇ ದಿನ, ಒಂದು ಮನೆಯ ಮುಂದೆ ಕಣ್ಣಿಗೆ ಬೀಳುತ್ತದೆ. ಲಾಭವು ಹಲವು ದಶಕಗಳ ಕಾಲ ಅನೇಕರಿಗೆ ಹಂಚಿಹೋಗುತ್ತದೆ. ಹೀಗಾಗಿ ಮರ ಕಡಿಯಬೇಕೆಂಬ ಬೇಡಿಕೆಯಲ್ಲಿ ಲಾಭವು ಲೆಕ್ಕಕ್ಕೆ ಬಾರದೆ ಹೋಗುವುದುಂಟು. ತೊಂದರೆಗಳಲ್ಲಿ ಹಲವು ಮಾನವನಿರ್ಮಿತವಾದವು: ಬುಡದವರೆಗೂ ಕಾಂಕ್ರೀಟ್ ಹಾಕುವುದು, ಕಾಮಗಾರಿಗಾಗಿ ಬೇರು ಕತ್ತರಿಸುವುದು, ತಂತಿಗಾಗಿ ಒಂದೇ ಬದಿಯ ಕೊಂಬೆಗಳನ್ನು ಕಡಿಯುವುದು ಮರದ ಸಮತೋಲವನ್ನು ಕೆಡಿಸುತ್ತವೆ. ಸಣ್ಣ ಜಾತಿಯ ಮರಗಳಿಂದ ತೊಂದರೆ ಕಡಿಮೆ, ಆದರೆ ನೆರಳೂ ಕಡಿಮೆ. ಕಡಿದ ಹಳೆಯ ಮರದ ನೆರಳನ್ನು ಬದಲಿ ಸಸಿ ನೀಡಲು ಹಲವು ವರ್ಷಗಳು ಬೇಕು.

ಕಾನೂನು ಮತ್ತು ಸಾರ್ವಜನಿಕ ಚರ್ಚೆ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವವನ್ನು ವಿರೋಧಿಸಿ 2016ರಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿದರು. 2017ರಲ್ಲಿ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು.