ಖಣದ ಊರು, ಯಾತ್ರಿಕನ ಕತೆ

ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ ಅನ್ನುವುದು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಾದಾಮಿಗೆ ಹತ್ತಿರದ ಈ ನೇಕಾರರ ಊರಿನಲ್ಲಿ 1851ರಲ್ಲೇ ಬಾಸೆಲ್ ಮಿಶನ್ ನೆಲೆಯೂರಿತ್ತು ಎಂಬುದು ಹೆಚ್ಚಿನವರ ನೆನಪಿನಲ್ಲಿಲ್ಲ. ಅಷ್ಟೊತ್ತಿಗಾಗಲೇ ಮಿಶನ್ನಿನ ಪಾದ್ರಿ ವೈಗ್ಲೆ ಅವರು ಇಂಗ್ಲಿಷಿನ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಕತೆಯನ್ನು 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ತಂದಿದ್ದರು. 1899ರಲ್ಲಿ 'ಇಂದಿರಾಬಾಯಿ' ಕಾದಂಬರಿ ಬರುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತಿದು.

ಅದು ಮತ ಪ್ರಚಾರಕ್ಕೆಂದು ತಂದ ಪುಸ್ತಕ, ಇದರಲ್ಲಿ ಮುಚ್ಚುಮರೆ ಇಲ್ಲ. ಅಷ್ಟಕ್ಕೇ ಅದನ್ನು ಬದಿಗೆ ಸರಿಸಿದರೆ ಒಳ್ಳೆಯ ಕತೆಯೊಂದು ಕೈತಪ್ಪುತ್ತದೆ ಎಂಬುದು ನಮ್ಮ ಮಾತು.

ಬನ್ಯನ್ ಪಾತ್ರೆ ರಿಪೇರಿ ಮಾಡುವ ಕಸುಬಿನವ. ಅಪ್ಪಣೆ ಇಲ್ಲದೆ ಬೋಧಿಸಿದ್ದಕ್ಕೆ ಸುಮಾರು 12 ವರ್ಷ ಜೈಲು ಕಂಡವ. ಹುನಗುಂದ ತಾಲೂಕಿನ ಕೂಡಲಸಂಗಮದ ನೆರಳಲ್ಲಿ ಬೆಳೆದವರಿಗೆ ಕಸುಬುದಾರನ ಬಾಯಲ್ಲಿ ದೇವರ ಮಾತು ಬರುವುದು ಹೊಸತೇನಲ್ಲ. ಅವನ ಪಾತ್ರಗಳೂ ಅಷ್ಟೇ. ಹಟಮಾರಿತನ, ಹತಾಶೆಗಳೇ ಅಲ್ಲಿ ಮನುಷ್ಯರಾಗಿ, ರಾಕ್ಷಸರಾಗಿ ಎದುರು ಬರುತ್ತವೆ. ನಮ್ಮ ಚಾಮರಸ 15ನೇ ಶತಮಾನದಲ್ಲೇ 'ಪ್ರಭುಲಿಂಗಲೀಲೆ'ಯಲ್ಲಿ ಮಾಯೆಗೆ ಮಮಕಾರನೆಂಬ ತಂದೆ, ಮೋಹಿನಿ ಎಂಬ ತಾಯಿಯನ್ನು ಕೊಟ್ಟಿದ್ದ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಪುರಾಣ ಕೇಳಿ ಬೆಳೆದ ಕಿವಿಗೆ ಬನ್ಯನ್ನನ ಜನ ಪರದೇಶಿಗಳಾಗಿ ಕೇಳಿಸುವುದಿಲ್ಲ.

ಆದರೆ ಒಂದು ಕಡೆ ಕತೆ ಚುಚ್ಚುತ್ತದೆ. ಬೆನ್ನ ಮೇಲೆ ಪಾಪದ ಹೊರೆ ಹೊತ್ತ ನಾಯಕ, ಹೆಂಡತಿ ಮಕ್ಕಳು ಕೂಗುತ್ತಿದ್ದರೂ ಕಿವಿಯಲ್ಲಿ ಬೆರಳಿಟ್ಟುಕೊಂಡು ಊರು ಬಿಟ್ಟು ಓಡುತ್ತಾನೆ. ಓದುವವರಿಗೆ ಅವನ ಮೇಲೆ ಸಿಟ್ಟು ಬರಬೇಕಾದ್ದೇ. ಸಂಸಾರದಲ್ಲಿದ್ದೇ ಸಾಧಿಸಿ ಎಂದ ಶರಣರ ನಾಡು ಇದು. ಬನ್ಯನ್‌ಗೂ ಆ ಕೂಗು ಕೇಳಿಸಿರಬೇಕು. 1684ರ ಎರಡನೇ ಭಾಗದಲ್ಲಿ ಹೆಂಡತಿ ಮಕ್ಕಳನ್ನೂ ಅದೇ ದಾರಿಗೆ ಹೊರಡಿಸಿದ.

ಮತ ಬದಲಿಸಿದರೆ ನೆಂಟಸ್ತಿಕೆ, ಪಂಕ್ತಿ ಎರಡೂ ಕಡಿಯುತ್ತಿದ್ದ ಕಾಲವದು. ಅಂಥ ಮನೆಯವರಿಗೆ ಆ ಓಟ ಬರೀ ರೂಪಕವಾಗಿ ಕಾಣುತ್ತಿರಲಿಲ್ಲ. ಹಿಂದಿನಿಂದ ಕೂಗುವವರು ಅವರ ತಾಯಿ, ಅಣ್ಣ, ಅತ್ತಿಗೆಯೇ ಆಗಿರುತ್ತಿದ್ದರು. ಬಿಟ್ಟು ಹೋದವರ ಸಂಕಟ, ಬಿಡಿಸಿಕೊಂಡವರ ನೋವು ಎರಡನ್ನೂ ಒಂದೇ ಪುಟದಲ್ಲಿ ಓದಬಹುದು. ಜಿಲ್ಲೆಯ ಚರಿತ್ರೆ ಬರೆಯುವಾಗ ಬಾದಾಮಿಯ ಗುಹೆ, ಇಳಕಲ್ಲಿನ ಮಗ್ಗದ ಜೊತೆಗೆ ಈ ಪುಸ್ತಕಕ್ಕೂ ಒಂದು ಸಾಲು ಸಿಗಲಿ.