ನ್ಯಾನೊಕಣಗಳ ಅಲ್ಟ್ರಾಸೌಂಡ್ ಪತ್ತೆ: ಇತಿಹಾಸ

ದೇಹದೊಳಗೆ ಸೇರಿಸಿದ ಕೆಲವು ನೂರು ನ್ಯಾನೊಮೀಟರ್ ಗಾತ್ರದ ಕಣಗಳನ್ನು ಅಲ್ಟ್ರಾಸೌಂಡ್ ಚಿತ್ರದಲ್ಲಿ ಗುರುತಿಸುವ ವಿಧಾನಗಳ ಚರಿತ್ರೆಯನ್ನು ಸೂಕ್ಷ್ಮಗುಳ್ಳೆಗಳ ಚರಿತ್ರೆಯ ಬಾಲಂಗೋಚಿಯಂತೆ ಬರೆಯುವ ರೂಢಿಯಿದೆ. ಇದು ಸರಿಯಲ್ಲ. ಅನಿಲದ ಗುಳ್ಳೆ ಜೋರಾಗಿ ಮಾರ್ದನಿಸುತ್ತದೆ. ನ್ಯಾನೊಕಣ ಹೆಚ್ಚುಕಡಿಮೆ ಮೌನವಾಗಿರುತ್ತದೆ.

ಗುಳ್ಳೆಗಳ ಕಥೆ ಪರಿಚಿತವೇ. 1968ರಲ್ಲಿ ಗ್ರೇಮಿಯಾಕ್ ಮತ್ತು ಶಾ, ಮಹಾಪಧಮನಿಯ ಬುಡದಲ್ಲಿ ಬಣ್ಣದ ದ್ರವ ಚುಚ್ಚಿದಾಗ ಕಂಡ ಪ್ರತಿಧ್ವನಿಯನ್ನು ವರದಿ ಮಾಡಿದರು. ಅದಕ್ಕೆ ಕಾರಣ ಗುಳ್ಳೆಗಳೆಂದು ಮುಂದೆ ತಿಳಿಯಿತು. 1990ರ ದಶಕದ ಹೊತ್ತಿಗೆ ಅಂಥ ಗುಳ್ಳೆಗಳೇ ಔಷಧಿಯಾಗಿ ಮಾರುಕಟ್ಟೆಗೆ ಬಂದವು.

ನ್ಯಾನೊಕಣಕ್ಕೆ ಅಡ್ಡಿ ಗಾತ್ರದ್ದು. 10 ಮೆಗಾಹರ್ಟ್ಸ್ ಧ್ವನಿಯ ತರಂಗಾಂತರ ಅಂಗಾಂಶದಲ್ಲಿ ಸುಮಾರು 0.15 ಮಿಲಿಮೀಟರ್. ಅದಕ್ಕಿಂತ ತೀರ ಚಿಕ್ಕ ಕಣ ಚದುರಿಸುವ ಶಕ್ತಿ ವ್ಯಾಸದ ಆರನೇ ಘಾತಕ್ಕೆ ಅನುಗುಣ: ವ್ಯಾಸ ಹತ್ತನೇ ಒಂದಾದರೆ ಪ್ರತಿಧ್ವನಿ ಹತ್ತು ಲಕ್ಷದಲ್ಲೊಂದು ಪಾಲು. 1996ರಲ್ಲಿ ಲಾಂಜಾ, ವಿಕ್ಲೈನ್ ಮತ್ತು ಸಂಗಡಿಗರು ಸುಮಾರು 250 ನ್ಯಾನೊಮೀಟರ್‌ನ ಪರ್‌ಫ್ಲೂರೊಕಾರ್ಬನ್ ಹನಿಗಳಿಂದ ಇದಕ್ಕೊಂದು ದಾರಿ ಕಂಡುಕೊಂಡರು. ರಕ್ತದಲ್ಲಿ ತೇಲುವಾಗ ಕಾಣದ ಹನಿಗಳು ಹೆಪ್ಪಿನ ಮೇಲೆ ಒತ್ತಾಗಿ ಅಂಟಿಕೊಂಡಾಗ ಪದರದಂತೆ ಧ್ವನಿಯನ್ನು ಹಿಂದಿರುಗಿಸಿದವು. ಈ ಲೇಖನದ ನಿಜವಾದ ಆರಂಭ ಇದೇ. ಅಂಟಿದ ಹನಿಗಳು ವಿರಳವಾದಾಗ ಪ್ರತಿಧ್ವನಿಯ ಬಲವೊಂದನ್ನೇ ಅಳೆದರೆ ಸಾಲದು. ಅದಕ್ಕಾಗಿ ಹ್ಯೂಸ್ ಮತ್ತು ಸಹೋದ್ಯೋಗಿಗಳು ಮರಳಿದ ಅಲೆಯ ಎಂಟ್ರೊಪಿಯನ್ನು, ಅಂದರೆ ಅದರ ಆಕಾರದಲ್ಲಿರುವ ಮಾಹಿತಿಯನ್ನು, ಲೆಕ್ಕಹಾಕುವ ವಿಧಾನ ರೂಪಿಸಿದರು.

ಕಣವನ್ನೇ ಅಲುಗಿಸುವ ಉಪಾಯ 2006ರದು. ಟೆಕ್ಸಾಸ್‌ನ ಸಂಶೋಧಕರು ಕಬ್ಬಿಣದ ಆಕ್ಸೈಡ್ ಕಣಗಳಿದ್ದ ಅಂಗಾಂಶವನ್ನು ಬದಲಾಗುವ ಕಾಂತಕ್ಷೇತ್ರದಲ್ಲಿಟ್ಟು, ಅದರ ಚಲನೆಯನ್ನು ಡಾಪ್ಲರ್‌ನಿಂದ ಹಿಡಿದರು.

‘ನ್ಯಾನೊಗುಳ್ಳೆ’ ಎಂಬ ಹೆಸರು ಮಾತ್ರ ಇಂದಿಗೂ ವಿವಾದದಲ್ಲಿದೆ. ಗುಳ್ಳೆ ಚಿಕ್ಕದಾದಷ್ಟೂ ಮೇಲ್ಮೈ ಎಳೆತದ ಒತ್ತಡ ಹೆಚ್ಚಿ ಅನಿಲ ಬೇಗ ಕರಗಬೇಕು. ಮಾದರಿಯಲ್ಲಿ ಉಳಿದ ಬೆರಳೆಣಿಕೆಯ ದೊಡ್ಡ ಗುಳ್ಳೆಗಳೇ ಇಡೀ ಸಂಕೇತವನ್ನು ಕೊಡಬಲ್ಲವು. ಆದ್ದರಿಂದ ಗಾತ್ರದ ಹಂಚಿಕೆಯನ್ನು ತೋರಿಸದ ವರದಿಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ.

2014ರಲ್ಲಿ ಶಪೀರೊ ತಂಡ ವಿವರಿಸಿದ ಅನಿಲಕೋಶಗಳಿಗೆ ಈ ತೊಡಕಿಲ್ಲ. ನೀರಿನಲ್ಲಿ ತೇಲಲು ಸಯನೋಬ್ಯಾಕ್ಟೀರಿಯಾಗಳು ಕಟ್ಟಿಕೊಳ್ಳುವ ಈ ಪ್ರೋಟೀನ್ ಚೀಲಗಳ ಗೋಡೆ ಗಟ್ಟಿ, ಒಳಗಿನ ಅನಿಲ ಹೊರಗಿನೊಂದಿಗೆ ಸರಾಗವಾಗಿ ವಿನಿಮಯವಾಗುತ್ತದೆ. ಜೋರಾದ ಅಲೆಗೆ ಚೀಲ ಕುಸಿಯುತ್ತದೆ. ಕುಸಿಯುವ ಮುನ್ನಿನ ಚಿತ್ರದಿಂದ ನಂತರದ್ದನ್ನು ಕಳೆದರೆ ಉಳಿಯುವುದು ಕೋಶಗಳ ಸಂಕೇತ ಮಾತ್ರ. 2019ರಲ್ಲಿ ಸಸ್ತನಿಗಳ ಜೀವಕೋಶಗಳಲ್ಲೂ ಇವುಗಳ ಜೀನುಗಳನ್ನು ಕೆಲಸಕ್ಕೆ ಹಚ್ಚಲಾಯಿತು.